ಬೋರ್ಡಿಗೆ ಬಿದ್ದ ಹೆಸರು

ನನ್ನ ಬಾಯಿ ಜೋರು ಎಂದು ಶ್ರೀನಗರದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳಿಕೊಳ್ಳಲಿ. ಮೂವತ್ತು ವರ್ಷದಿಂದ ಬಾಡಿಗೆಗೆ ಪುಸ್ತಕ ಕೊಡುವ ಲೈಬ್ರರಿ ನಡೆಸುತ್ತಿರುವವಳ ಬಾಯಿ ಮೆತ್ತಗಿದ್ದಿದ್ದರೆ ಇಷ್ಟು ಹೊತ್ತಿಗೆ ಅಂಗಡಿಯಲ್ಲಿ ಬರೀ ಕಪಾಟುಗಳು ಉಳಿದಿರುತ್ತಿದ್ದವು. ಜನ ಕೆಟ್ಟವರಲ್ಲ. ಆದರೆ ಪುಸ್ತಕ ಮನೆ ಸೇರಿದ ಮೇಲೆ ಎಂಥ ಒಳ್ಳೆಯವರಿಗೂ ಮರೆವು ಬರುತ್ತದೆ. ಅದಕ್ಕೇ ನಮ್ಮಪ್ಪ ಈ ಲೈಬ್ರರಿ ತೆರೆದ ದಿನವೇ ಒಂದು ನಿಯಮ ಮಾಡಿದ್ದರು. ಒಂದು ಪುಸ್ತಕಕ್ಕೆ ಏಳು ದಿನ. ಎಂಟನೆಯ ದಿನ ಬೆಳಿಗ್ಗೆ ಪುಸ್ತಕ ಬರದಿದ್ದರೆ ಬಾಗಿಲ ಪಕ್ಕದ ಕಪ್ಪು ಬೋರ್ಡಿನಲ್ಲಿ ‘ಹಿಂದಿರುಗಿಸದವರು’ ಎಂಬ ತಲೆಬರಹದ ಕೆಳಗೆ ಸೀಮೆಸುಣ್ಣದಲ್ಲಿ ಅವರ ಹೆಸರು. ದಂಡ ಗಿಂಡ ಏನೂ ಇಲ್ಲ. ಬಸ್ಸಿಗೆ ಹೋಗುವವರು, ಸೊಪ್ಪು ತರಲು ಹೋಗುವವರು ಓದಿಕೊಂಡು ಹೋಗುತ್ತಾರೆ, ಅಷ್ಟೇ. ಸಾಯಂಕಾಲದೊಳಗೆ ಪುಸ್ತಕ ಬಂದು ಮೇಜಿನ ಮೇಲೆ ಕೂತಿರುತ್ತದೆ.

ನಮ್ಮ ಮನೆಯವರು, ಅಂದರೆ ಗೌರೀಶಂಕರ, ನನಗೆ ಗಂಟುಬಿದ್ದದ್ದೂ ಆ ಬೋರ್ಡಿನಿಂದಲೇ. ಇಪ್ಪತ್ತೇಳು ವರ್ಷದ ಹಿಂದಿನ ಮಾತು. ಆಗ ಅವರು ಜಯನಗರದ ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಆಪರೇಟರ್. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಪುಟ ಕಟ್ಟುವ ಕೆಲಸ. ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಸಮುದ್ರ ನೋಡಿಬಂದ ಯಾರೋ ಒಬ್ಬ ಮೇಷ್ಟರ ಹಳೆಯ ಪ್ರವಾಸದ ಪುಸ್ತಕವನ್ನು ತೆಗೆದುಕೊಂಡು ಹೋಗಿ ಹನ್ನೊಂದು ದಿನ ಇಟ್ಟುಕೊಂಡರು. ನಾನು ಬಿಡುತ್ತೇನೆಯೇ, ಎಂಟನೆಯ ದಿನವೇ ಬರೆದೆ ಹೆಸರು. ಹನ್ನೊಂದನೆಯ ದಿನ ಸಂಜೆ ಬಂದವರು ಬೋರ್ಡಿನ ಮುಂದೆ ನಿಂತು, ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿ ಒಳಗೆ ಬಂದರು.

“ಮೇಡಂ, ಹೆಸರು ಬರ್ದಿದ್ದಕ್ಕೆ ಬೇಜಾರಿಲ್ಲ. ತಪ್ಪು ನಂದೇ. ಆದ್ರೆ ‘ರೀ’ದು ದೀರ್ಘ ಹೋಗಿ ‘ಶ’ ಮೇಲೆ ಕೂತಿದೆ. ಒರೆಸಿ ನೆಟ್ಟಗೆ ಬರೀಲಾ?” ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಸೀಮೆಸುಣ್ಣವನ್ನು ಅವರ ಕಡೆ ಎಸೆದೆ. ಅವರು ಶಾಂತವಾಗಿ ತಮ್ಮ ಹೆಸರನ್ನು ಒರೆಸಿ, ಅದೇ ‘ಹಿಂದಿರುಗಿಸದವರು’ ಕೆಳಗೆ ಮುತ್ತು ಪೋಣಿಸಿದ ಹಾಗೆ ಬರೆದು, ಪುಸ್ತಕ ಕೊಟ್ಟು ಹೋದರು. ತನ್ನ ಮಾನವನ್ನು ತಾನೇ ಇಷ್ಟು ನೀಟಾಗಿ ಹರಾಜು ಹಾಕಿಕೊಂಡ ಗಂಡಸನ್ನು ನಾನು ಅವತ್ತೇ ಮೊದಲು ನೋಡಿದ್ದು. ಮರುವರ್ಷ ಮದುವೆಯಾಯಿತು. ಲಗ್ನಪತ್ರಿಕೆಯನ್ನು ಅವರೇ ಕಟ್ಟಿದರು. ಸಾಲಿನ ನಡುವಿನ ಜಾಗ ಸರಿಹೋಗಲಿಲ್ಲ ಎಂದು ಎಂಟು ದಿನ ತೆಗೆದುಕೊಂಡರು. ನಮ್ಮಪ್ಪ ತಲೆತಲೆ ಚಚ್ಚಿಕೊಂಡರು.

ಆಮೇಲೂ ಅವರು ಹಾಗೇ ಇದ್ದರು. ಮದುವೆಮನೆಗೆ ಹೋದರೆ ಊಟಕ್ಕಿಂತ ಮೊದಲು ಬಾಗಿಲಲ್ಲಿ ನಿಲ್ಲಿಸಿದ ಬ್ಯಾನರ್ ಓದುತ್ತಾರೆ. ‘ಶುಭವಿವಾಹ’ದ ಅಕ್ಷರ ದಪ್ಪವಾಯಿತು ಎಂದು ನನ್ನ ಕಿವಿಯಲ್ಲಿ ಹೇಳುತ್ತಾರೆ. ನಾನು ಹೋಳಿಗೆ ಆರುತ್ತದೆ ಬನ್ನಿ ಎಂದು ಎಳೆದುಕೊಂಡು ಹೋಗಬೇಕು. ಸಿಟ್ಟು ಎಂಬುದು ಅವರ ಜಾತಕದಲ್ಲೇ ಇಲ್ಲ. ಮನೆಯ ಇಬ್ಬರ ಪಾಲಿನದನ್ನೂ ನಾನೊಬ್ಬಳೇ ನೋಡಿಕೊಳ್ಳುತ್ತೇನೆ.

ಅಂಥವರಿಗೂ ಒಂದು ದಿನ ಸಿಟ್ಟು ಬಂತು. ಹೋದ ವರ್ಷ ಜಯನಗರದ ಪ್ರೆಸ್ಸನ್ನು ಅದರ ಯಜಮಾನರು ವಯಸ್ಸಾಯಿತೆಂದು ಮುಚ್ಚಿದರು. ಐವತ್ಮೂರನೆಯ ವಯಸ್ಸಿಗೆ ನಮ್ಮವರು ಮನೆಯಲ್ಲಿ ಕೂತರು. ಹೊತ್ತು ಹೋಗಲೆಂದು ನಮ್ಮ ಮಗಳು ಸಿರಿ ತನ್ನ ಫೋನಿನಲ್ಲಿ ಕನ್ನಡ ಕಥೆ ಓದುವ ಯಾವುದೋ ಆ್ಯಪ್ ತೆರೆದುಕೊಟ್ಟಳು. ಅದರಲ್ಲಿ ಪ್ರತಿ ಸಾಲಿನ ಒತ್ತಕ್ಷರಗಳ ಬಾಲವನ್ನೂ ಕೆಳಗಿನ ಸಾಲು ಕತ್ತರಿಸಿಹಾಕಿತ್ತು. ನಡುನಡುವೆ ಜಾಹೀರಾತು ಬೇರೆ. ಇವರು ಫೋನನ್ನು ಮೇಜಿನ ಮೇಲೆ ಕುಕ್ಕಿ, “ಇದನ್ನ ಮಾಡಿದೋನು ಒಂದು ಪುಟಾನಾದ್ರೂ ಓದಿದಾನಾ?” ಎಂದು ಕೂಗಿದರು. ಅಡುಗೆಮನೆಯಲ್ಲಿ ನನ್ನ ಕೈಯಿಂದ ಸೌಟು ಬಿತ್ತು. ಮದುವೆಯಾದಾಗಿನಿಂದ ಆ ದನಿ ಕೇಳಿರಲಿಲ್ಲ.

ಆ ಸಿಟ್ಟಿನಲ್ಲೇ, ನೆಟ್ಟಗಿರುವ ಆ್ಯಪನ್ನು ತಾವೇ ಮಾಡುತ್ತೇನೆಂದು ಒಂದು ಹಳೆಯ ಲ್ಯಾಪ್‌ಟಾಪ್ ಕೊಂಡು ತಂದರು. ಸಿರಿ ಜಯನಗರದ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿ ಮಾಡುತ್ತಾಳೆ, ಅವಳಿಗೆ ಕೋಡಿಂಗ್ ಏನು ಗೊತ್ತು. ಆದರೂ ಪುಕ್ಕಟೆ ಪಾಠದ ವೀಡಿಯೊಗಳು ಎಲ್ಲಿ ಸಿಗುತ್ತವೆಂದು ಹುಡುಕಿಕೊಟ್ಟಳು. ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಕೂತುಬಿಡುತ್ತಿದ್ದರು. ಮೊದಲ ನಾಲ್ಕು ತಿಂಗಳು ಪರದೆಯ ಮೇಲೆ ಬರೀ ತಪ್ಪು ತೋರಿಸುವ ಕೆಂಪು ಗೆರೆಗಳು. ಐದನೆಯ ತಿಂಗಳು ಒಂದು ಬಿಳಿ ಪುಟ, ಅದರ ಮೇಲೆ ದೊಡ್ಡದಾಗಿ ‘ಅ’. ಅದನ್ನು ತೋರಿಸಲು ನನ್ನನ್ನು ಲೈಬ್ರರಿಯಿಂದ ಕರೆಸಿದರು. ಬರೀ ‘ಅ’ ನೋಡಲು ನಾನು ಮೂವರು ಗಿರಾಕಿಗಳನ್ನು ಬಿಟ್ಟು ಬಂದಿದ್ದೆ. ಏನು ಹೇಳಿದೆ ಎಂದು ಇಲ್ಲಿ ಬರೆಯುವುದಿಲ್ಲ.

ಆ್ಯಪಿಗೆ ‘ಓದುಮಣೆ’ ಎಂದು ಹೆಸರಿಟ್ಟರು. ಲೇಖಕರ ಹಕ್ಕಿನ ಅವಧಿ ಮುಗಿದ ಹಳೆಯ ಪುಸ್ತಕಗಳನ್ನು ನನ್ನ ಕಪಾಟಿನಿಂದಲೇ ತೆಗೆದು, ಒಂದೊಂದೇ ಟೈಪ್ ಮಾಡಿ ಅದರಲ್ಲಿ ಕೂರಿಸಿದರು. ಒಟ್ಟು ಒಂಬತ್ತು ಪುಸ್ತಕ. ಲಾಗಿನ್ ಇಲ್ಲ, ಜಾಹೀರಾತು ಇಲ್ಲ, ನಂಬರು ಕೇಳುವುದಿಲ್ಲ. ತೆರೆದರೆ ಪುಟ, ಮುಚ್ಚಿದರೆ ನಿಲ್ಲಿಸಿದಲ್ಲಿಗೇ ಗುರುತು. ಅಕ್ಷರ ಎಷ್ಟು ದೊಡ್ಡದು ಮಾಡಿದರೂ ಒತ್ತಕ್ಷರ ತನ್ನ ಬಾಲದ ಸಮೇತ ಇರುತ್ತದೆ.

ನನಗೆ ಮಾತ್ರ ಅಂಗಡಿಯ ಚಿಂತೆ. ಹೆಂಡತಿ ಪುಸ್ತಕ ಕೊಡುವ ಅಂಗಡಿ ಇಟ್ಟಿದ್ದಾಳೆ, ಗಂಡ ಮೇಲಿನ ಮನೆಯಲ್ಲಿ ಕೂತು ಪುಸ್ತಕವನ್ನು ಫೋನಿಗೆ ತುಂಬಿ ಪುಕ್ಕಟೆ ಹಂಚುತ್ತಾನೆ. ಇದನ್ನು ಯಾರಿಗೆ ಹೇಳುವುದು?

“ರೀ, ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ಬೇರೆಯೋರು ಯಾಕೆ ಬೇಕು, ನೀವೊಬ್ರೇ ಸಾಕು,” ಎಂದೆ.

“ನಿನ್ನ ಕಪಾಟು ನಿನಗೇ ಇರುತ್ತೆ ಗಿರಿಜಾ. ಇದು ಬರೋಕಾಗದೇ ಇರೋರಿಗೆ, ಕಾಣದೇ ಇರೋರಿಗೆ,” ಎಂದರು. ‘ಕಾಣದೇ ಇರೋರಿಗೆ’ ಎಂದಾಗ ನನ್ನ ಮುಖ ನೋಡಲಿಲ್ಲ.

ಹೀಗಿರುವಾಗ ಬನಶಂಕರಿಯ ನಂದಕುಮಾರ್ ಬಂದರು. ಅವರದು ಅಲ್ಲಿನ ಹಳೆಯ ಒಕ್ಕಲು ಮನೆತನ. ಹೊಲವಿದ್ದ ಕಡೆ ಈಗ ಮೂರು ಬಿಲ್ಡಿಂಗ್ ಇವೆ, ಕೆಳಗಡೆ ಫ್ಲೆಕ್ಸ್ ಮತ್ತು ಬ್ಯಾನರ್ ಪ್ರಿಂಟ್ ಮಾಡುವ ಅಂಗಡಿ. ಒಳ್ಳೆಯ ಮನುಷ್ಯ. “ಗೌರಿ ಸಾರ್, ನಮ್ಮಲ್ಲಿ ಡಿಸೈನ್ ಮಾಡೋರು ಬೇಕು. ಜೂನ್ ಒಂದಕ್ಕೆ ಬಂದ್ಬಿಡಿ. ನೀವು ಬಂದ್ರೆ ನೀವು, ಇಲ್ಲ ಅಂದ್ರೆ ಬೇರೆ ಯಾರನ್ನಾದ್ರೂ ನೋಡ್ಕೋತೀನಿ,” ಎಂದರು.

ತಿಂಗಳ ಸಂಬಳ, ಭಾನುವಾರ ರಜೆ. ನಾನು ಕಾಫಿಗೆ ಎರಡು ಚಮಚ ಸಕ್ಕರೆ ಜಾಸ್ತಿ ಹಾಕಿ ಕೊಟ್ಟೆ. ಅವರು ಹೋದ ಮೇಲೆ ನಮ್ಮವರು ಲ್ಯಾಪ್‌ಟಾಪ್ ಮುಚ್ಚಳದ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಆಮೇಲೆ ಹೇಳಿದರು: “ಮೇ ಮೂವತ್ತೊಂದರ ತನಕ ಟೈಮ್ ಕೊಡು. ಅಷ್ಟರಲ್ಲಿ ಓದುಮಣೆ ಎಲ್ಲರ ಫೋನಿಗೂ ಸಿಗೋ ಹಂಗಾದ್ರೆ ಇನ್ನೊಂದು ವರ್ಷ ಇದನ್ನೇ ಮಾಡ್ತೀನಿ, ಮನೇಲೇ ಲಗ್ನಪತ್ರಿಕೆ ಕೆಲಸ ತಗೊಂಡು ಹೆಂಗೋ ನಡೆಸ್ತೀನಿ. ಆಗಲಿಲ್ಲ ಅಂದ್ರೆ ಇದನ್ನ ಮುಚ್ಚಿ ನಂದಕುಮಾರ್ ಹತ್ರ ಹೋಗ್ತೀನಿ. ಮತ್ತೆ ತೆಗೆಯಲ್ಲ.”

ಅವರು ‘ಮತ್ತೆ ತೆಗೆಯಲ್ಲ’ ಎಂದರೆ ತೆಗೆಯುವುದಿಲ್ಲ. ಆಗಲಿ ಎಂದೆ. ನಿಜ ಹೇಳಬೇಕೆಂದರೆ, ಆಗದಿದ್ದರೆ ಒಳ್ಳೆಯದು ಎಂದು ಅವತ್ತು ನನ್ನ ಮನಸ್ಸಿನಲ್ಲಿತ್ತು.

ಆ್ಯಪ್ ತಯಾರಾದರೆ ಸಾಲದು ಎಂಬುದು ನನಗೆ ಆಗ ಗೊತ್ತಾಯಿತು. ಫೋನಿಗೆ ಆ್ಯಪ್ ಕೊಡುವ ಅಂಗಡಿಯವರದೂ ಒಂದು ನಿಯಮವಿದೆಯಂತೆ. ಹೊಸಬರು ಯಾರೇ ಆ್ಯಪ್ ಮಾಡಲಿ, ಮೊದಲು ಹನ್ನೆರಡು ಜನ ಅದನ್ನು ತಮ್ಮ ಫೋನಿಗೆ ಹಾಕಿಕೊಂಡು ಪರೀಕ್ಷೆ ಮಾಡಬೇಕು. ಹದಿನಾಲ್ಕು ದಿನ, ಒಂದು ದಿನವೂ ಬಿಡದ ಹಾಗೆ. ನಡುವೆ ಒಬ್ಬರು ಬಿಟ್ಟುಹೋದರೂ ಲೆಕ್ಕ ಹನ್ನೊಂದಕ್ಕೆ ಇಳಿದು ಎಲ್ಲ ಮೊದಲಿನಿಂದ. ಅದಾದ ಮೇಲೆ ಅರ್ಜಿ, ಅರ್ಜಿಯ ಪರಿಶೀಲನೆಗೆ ಹೆಚ್ಚೂಕಡಿಮೆ ಒಂದು ವಾರ.

ಸಿರಿ ತನ್ನ ಗೆಳತಿಯರ ಹೆಸರು ಕೊಡುತ್ತೇನೆಂದಳು. “ಓದದೇ ಇರೋರು ಬೇಡ ಮಗಳೇ. ಓದೋರೇ ಬೇಕು,” ಎಂದು ನನ್ನ ಕಡೆ ತಿರುಗಿದರು. ಓದುವವರು ಎಂದರೆ ನನ್ನ ಲೈಬ್ರರಿಯ ಮೆಂಬರುಗಳು. ನಾನು ಹತ್ತು ನಿಮಿಷ ಕೂಗಾಡಿ, ಹನ್ನೊಂದನೆಯ ನಿಮಿಷ ರಿಜಿಸ್ಟರು ತೆರೆದೆ. ಗಂಡ ಕೇಳಿದ್ದು ಒಂದೇ, ಅದೂ ಇಪ್ಪತ್ತೇಳು ವರ್ಷಕ್ಕೊಮ್ಮೆ.

ಮೇ ನಾಲ್ಕು, ಭಾನುವಾರ. ಹನ್ನೆರಡು ಮೆಂಬರುಗಳು ಲೈಬ್ರರಿಯಲ್ಲಿ ಸೇರಿದರು. ಅವರಲ್ಲಿ ಮುಂದಾಳು ಶಶಿಧರ್. ಟೆಲಿಫೋನ್ ಇಲಾಖೆಯಲ್ಲಿದ್ದು ರಿಟೈರ್ ಆದವರು. ಫೋನಿನ ವಿಷಯ ತನಗೆ ತಿಳಿಯದ್ದಿಲ್ಲ ಎಂದು ಅವರ ನಂಬಿಕೆ. ಗದಗದ ಕಡೆಯ ಪಾರವ್ವ ಮಗನ ಮನೆಯಲ್ಲಿದ್ದಾರೆ. ಎಪ್ಪತ್ತು ದಾಟಿದರೂ ವಾರಕ್ಕೆರಡು ಪುಸ್ತಕ ಮುಗಿಸುತ್ತಾರೆ. ಹೊಳೆಪ್ಪ ಬಿಟಿಎಂ ಲೇಔಟಿನ ಒಂದು ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್. ಪುಸ್ತಕಕ್ಕಾಗಿಯೇ ಎರಡು ಬಸ್ ಬದಲಿಸಿ ಬರುವವರು. ಮಿಕ್ಕವರೂ ಹೀಗೇ. ನಮ್ಮವರು ಒಬ್ಬೊಬ್ಬರ ಫೋನಿಗೂ ಆ್ಯಪ್ ಹಾಕಿಕೊಟ್ಟು, “ಓದಿ, ಏನು ತೊಂದರೆ ಅನ್ಸಿದ್ರೂ ಹೇಳಿ,” ಎಂದರು. ಹದಿನಾಲ್ಕು ದಿನದ ಮಾತನ್ನೂ ಹೇಳಿದರು. ಆದರೆ ಅವರ ದನಿ ಗೊತ್ತಲ್ಲ, ಪಕ್ಕದಲ್ಲಿ ಕೂತವರಿಗೇ ಅರ್ಧ ಕೇಳುತ್ತದೆ. ಅದೇ ಹೊತ್ತಿಗೆ ಹೊರಗೆ ಮಾವಿನಹಣ್ಣಿನ ಗಾಡಿಯವನ ಸ್ಪೀಕರ್ ಬೇರೆ.

ಮೊದಲ ವಾರ ಮನೆಯಲ್ಲಿ ಹಬ್ಬದ ವಾತಾವರಣ. ದಿನಾ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದು “ಹನ್ನೆರಡು” ಎನ್ನುವರು, ಕಾಫಿ ಕುಡಿಯುವರು. ಪಾರವ್ವ ಫೋನ್ ಮಾಡಿ, “ಅಕ್ಷರ ಎಷ್ಟ್ ಚಂದ ಕಾಣ್ತಾವ್ರೀ ಅಣ್ಣಾರ, ಕನ್ನಡಕ ಇಲ್ದನ ಓದಾಕತ್ತೀನಿ,” ಎಂದಾಗ ಇವರು ನಡುಮನೆಯಲ್ಲಿ ಒಂದು ಸುತ್ತು ಹಾಕಿ ಬಂದರು.

ಎಂಟನೆಯ ದಿನ, ಸೋಮವಾರ ಬೆಳಿಗ್ಗೆ, ಲ್ಯಾಪ್‌ಟಾಪ್ ತೆರೆದರು. ಕಾಫಿ ಲೋಟ ಹಾಗೇ ಇತ್ತು. ಹೋಗಿ ನೋಡಿದೆ. ಪರದೆಯ ಮೇಲೆ ಹನ್ನೆರಡು ಇದ್ದ ಜಾಗದಲ್ಲಿ ಸೊನ್ನೆ ಕೂತಿತ್ತು.

ಒಬ್ಬರಿಬ್ಬರಾದರೆ ಸರಿ, ಹನ್ನೆರಡಕ್ಕೆ ಹನ್ನೆರಡೂ ಜನ ಬಿಟ್ಟುಹೋಗುವಷ್ಟು ಏನಾಯಿತು? ಆ್ಯಪ್ ಅಷ್ಟು ಕೆಟ್ಟದಾಗಿತ್ತೇ? ಅವರ ಮುಖ ನೋಡಿದರೆ ಅವರೂ ಅದನ್ನೇ ಕೇಳಿಕೊಳ್ಳುತ್ತಿದ್ದರು. ನಾನು ಚಪ್ಪಲಿ ಮೆಟ್ಟಿ ಕೆಳಗಿಳಿದು ಲೈಬ್ರರಿ ಬಾಗಿಲು ತೆರೆಯುತ್ತೇನೆ, ಶಶಿಧರ್ ಅಲ್ಲೇ ನಿಂತಿದ್ದಾರೆ, ನಗುಮುಖ.

“ಮೇಡಂ, ಎಲ್ಲರದ್ದೂ ಟೈಮಿಗೆ ಸರಿಯಾಗಿ ವಾಪಸ್ ಆಯ್ತು,” ಎಂದರು.

“ಏನು ವಾಪಸ್?”

“ಆ್ಯಪು. ನಿನ್ನೆಗೆ ಏಳು ದಿನ ಆಯ್ತಲ್ಲ. ಕೆಲವ್ರಿಗೆ ವಾಪಸ್ ಮಾಡೋದು ಹೇಗೆ ಅಂತ ಗೊತ್ತಿರ್ಲಿಲ್ಲ. ನಾನೇ ಗುಡ್ಡದ ಪಾರ್ಕಲ್ಲಿ ಎಲ್ಲರನ್ನೂ ಕೂರಿಸ್ಕೊಂಡು, ಒಂದೊಂದೇ ಫೋನಲ್ಲಿ ಪರೀಕ್ಷೆಯಿಂದ ಹೊರಗೆ ಬರೋ ಬಟನ್ ಒತ್ತಿ, ಆ್ಯಪ್ ಅಳಿಸಿ, ನೀಟಾಗಿ ಕ್ಲೋಸ್ ಮಾಡ್ಸಿದೆ. ಹೊಳೆಪ್ಪ ಡ್ಯೂಟಿ ಬಿಟ್ಟು ಬರೋಕಾಗಲ್ಲ ಅಂದ್ರು, ಅವರಿಗೆ ಫೋನಲ್ಲೇ ಹೇಳ್ಕೊಟ್ಟೆ. ನಿಮ್ಮ ಬೋರ್ಡಿಗೆ ಒಬ್ಬರ ಹೆಸರೂ ಬೀಳಬಾರದು ಅಂತ.”

ಮೂವತ್ತು ವರ್ಷದಲ್ಲಿ ಮೊದಲ ಸಲ ಬೈಯಲು ಒಂದು ಪದ ಸಿಗಲಿಲ್ಲ. ಯಾರನ್ನು ಬೈಯಲಿ? ಲೈಬ್ರರಿಯಲ್ಲಿ ಕೂತು ಕೊಟ್ಟದ್ದು, ಲೈಬ್ರರಿಯವಳ ಗಂಡ ಕೊಟ್ಟದ್ದು, ಓದಲೆಂದು ಕೊಟ್ಟದ್ದು. ಹಾಗಾದರೆ ಅದು ಏಳು ದಿನಕ್ಕೆ ವಾಪಸ್ ಹೋಗಬೇಕಾದದ್ದೇ. ಇನ್ನೊಬ್ಬರು ಕಾಯುತ್ತಿರುತ್ತಾರೆ ಎಂದು ಹೇಳಿ ಹೇಳಿ ಅವರ ತಲೆಗೆ ತುಂಬಿದವಳು ನಾನೇ. ಪಾರವ್ವನಿಗೆ ಫೋನ್ ಮಾಡಿದೆ. “ಇನ್ನೂ ನಲವತ್ತು ಪುಟ ಉಳದಿತ್ರೀ. ನೀವು ಬೈತೀರಿ ಅಂತ ಅಂಜಿ ಕೊಟ್ಟಬಿಟ್ಟೆ,” ಎಂದರು. ಕೊಡುವ ಮನಸ್ಸಿರಲಿಲ್ಲವಂತೆ, ಕಣ್ಣಲ್ಲಿ ನೀರು ಬಂತಂತೆ.

ಮೇಲೆ ಹೋಗಿ ಎಲ್ಲ ಹೇಳಿದೆ. ನಾನು ನಿರೀಕ್ಷಿಸಿದ್ದು ಏನನ್ನೋ. ಅವರು ನಗಲು ಶುರು ಮಾಡಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. “ಅಂದ್ರೆ ಯಾರಿಗೂ ಬೇಡ ಅಂತ ಅಲ್ಲ. ಬೇಕಾಗಿತ್ತು, ಆದ್ರೂ ಕೊಟ್ರು,” ಎಂದರು. ಆಮೇಲೆ, “ತಪ್ಪು ಅವರದ್ದಲ್ಲ ಗಿರಿಜಾ. ಓದಿದ್ದನ್ನ ವಾಪಸ್ ಕೊಡೋಕೆ ನಾನು ಜಾಗಾನೇ ಮಾಡಿಲ್ಲ. ಓದೋರಿಗೆ ವಾಪಸ್ ಕೊಟ್ರೇನೇ ಸಮಾಧಾನ,” ಎಂದು ಕ್ಯಾಲೆಂಡರ್ ಕಡೆ ನೋಡಿದರು.

ಮೇ ಹನ್ನೆರಡು. ಇವತ್ತೇ ಮತ್ತೆ ಹನ್ನೆರಡು ಜನ ಸೇರಿದರೆ ಇಪ್ಪತ್ತಾರಕ್ಕೆ ಹದಿನಾಲ್ಕು ದಿನ. ಅರ್ಜಿಗೆ ಉಳಿಯುವುದು ಐದೇ ದಿನ. ನಾಳೆ, ನಾಡಿದ್ದು ಅಂದರೆ ಮುಗಿಯಿತು. ಅವರು ಮುಚ್ಚಳ ಅರ್ಧ ಮುಚ್ಚಿ, “ಹೋಗ್ಲಿ ಬಿಡು. ನಂದಕುಮಾರ್‌ಗೆ ಹೇಳ್ಬಿಡ್ತೀನಿ,” ಎಂದರು.

ವಾರದ ಹಿಂದಾಗಿದ್ದರೆ ನಾನು ತಕ್ಷಣ ಫೋನ್ ತಂದುಕೊಡುತ್ತಿದ್ದೆ. ಆದರೆ ಅವರ ಒಂದು ವರ್ಷದ ದುಡಿಮೆ ನನ್ನ ಬೋರ್ಡಿನಿಂದ ಹಾಳಾಯಿತು ಎಂಬುದು ನನಗೆ ನುಂಗಲಾಗಲಿಲ್ಲ. “ರೀ, ಆ ಮುಚ್ಚಳ ತೆಗೀರಿ. ಮೆಂಬರ್‌ಗಳ ವಿಷಯ ನಂಗೆ ಬಿಡಿ,” ಎಂದೆ.

ಅವತ್ತು ಲೈಬ್ರರಿಗೆ ಅರ್ಧ ದಿನ ರಜೆ. ಓದುಮಣೆಯನ್ನು ನನ್ನ ರಿಜಿಸ್ಟರಿನಲ್ಲಿ ಹೊಸ ಪುಸ್ತಕವಾಗಿ ಬರೆದೆ. ಸಂಖ್ಯೆ ನಾಲ್ಕು ಸಾವಿರದ ಮುನ್ನೂರ ಹದಿನೆಂಟು. ಹನ್ನೆರಡು ಕಾರ್ಡ್ ತೆಗೆದು, ಪ್ರತಿಯೊಂದರಲ್ಲೂ ಆ ಸಂಖ್ಯೆ ಬರೆದು, ವಾಪಸ್ ಕೊಡುವ ದಿನಾಂಕದ ಕಡೆ ನನ್ನ ತಾರೀಖಿನ ಮೊಹರು ತಿರುಗಿಸಿ ಒತ್ತಿದೆ: ಮೇ 26. ನಮ್ಮಪ್ಪನ ಕಾಲದಿಂದ ಏಳು ದಿನಕ್ಕಿಂತ ಹೆಚ್ಚಿನ ತಾರೀಖನ್ನು ಆ ಮೊಹರು ಕಂಡಿರಲಿಲ್ಲ. ಮನೆಮನೆಗೆ ಹೋಗಿ ಕಾರ್ಡ್ ಕೊಟ್ಟು, ಶಶಿಧರ್ ಅವರನ್ನೇ ಜೊತೆಗೆ ಕರೆದುಕೊಂಡು ಆ್ಯಪನ್ನು ಮತ್ತೆ ಹಾಕಿಸಿದೆ. ತಪ್ಪು ತಿಳಿದ ಮೇಲೆ ಪಾಪ ಆ ಮನುಷ್ಯ ನನಗಿಂತ ಮುಂದೆ ಓಡುತ್ತಿದ್ದರು. “ಇಪ್ಪತ್ತಾರಕ್ಕೆ ಮುಂಚೆ ವಾಪಸ್ ಕೊಟ್ಟೋರ ಹೆಸರು ಬೋರ್ಡಿಗೆ ಹಾಕ್ತೀನಿ,” ಎಂದು ಎಲ್ಲರಿಗೂ ಹೇಳಿದೆ. ಈ ಸಲ ಸ್ಪೀಕರ್ ಇದ್ದರೂ ಕೇಳಿಸುವ ಹಾಗೆ ಹೇಳಿದೆ. ಬಿಟಿಎಂ ಲೇಔಟಿನಲ್ಲಿ ಹೊಳೆಪ್ಪ ಗೇಟಿನ ಹತ್ತಿರವೇ ಕಾಯುತ್ತಿದ್ದರು. ಕಾರ್ಡನ್ನು ತಿರುಗಿಸಿ ನೋಡಿ, “ಹದಿನಾಲ್ಕು ದಿನ ಕೊಟ್ರಾ ಅಕ್ಕ? ನಿಮಗೆ ಮೈ ಹುಷಾರಿದೆ ತಾನೆ?” ಎಂದರು.

ಹನ್ನೊಂದು ಮನೆ ಮುಗಿಯಿತು. ಹನ್ನೆರಡನೆಯವರ ಮನೆಗೆ ಬೀಗ. ನೆರೆಯವರು ಹೇಳಿದರು, ಬೆಳಿಗ್ಗೆಯೇ ಕಾಶಿಗೆ ಹೊರಟರಂತೆ, ಫೋನ್ ಬೇಡವೆಂದು ಮನೆಯಲ್ಲೇ ಬಿಟ್ಟುಹೋದರಂತೆ. ಸಂಜೆ ಆರು ಗಂಟೆ. ಕೈಯಲ್ಲಿ ಒಂದು ಕಾರ್ಡ್ ಉಳಿದಿತ್ತು. ಸಿರಿಯನ್ನು ಕೇಳಬಹುದಿತ್ತು. ಮನೆಗೆ ಬಂದು ನನ್ನ ಫೋನನ್ನೇ ನಮ್ಮವರ ಮುಂದೆ ಇಟ್ಟೆ.

“ಹಾಕಿ,” ಎಂದೆ.

“ನೀನಾ?”

“ಯಾಕೆ, ನಾನು ಓದೋರ ಲೆಕ್ಕಕ್ಕೆ ಬರಲ್ವಾ?”

ಇಲ್ಲಿ ಒಂದು ವಿಷಯ ಹೇಳಲೇಬೇಕು. ಎರಡು ವರ್ಷದಿಂದ ನಾನು ಒಂದು ಪುಸ್ತಕವನ್ನೂ ಓದಿರಲಿಲ್ಲ. ಕಣ್ಣು ಮಂಜಾಗಿತ್ತು. ಹಳೆಯ ಪುಸ್ತಕದ ಸಣ್ಣ ಅಕ್ಷರಗಳೆಲ್ಲ ಇರುವೆ ಸಾಲಿನಂತೆ ಕಲೆಸಿಹೋಗುತ್ತಿದ್ದವು. ಲೈಬ್ರರಿಯವಳು ಓದಲಾರಳು ಎಂದರೆ ನಾಚಿಕೆಯಲ್ಲವೇ. ಯಾರಾದರೂ ಯಾವ ಪುಸ್ತಕ ಚೆನ್ನಾಗಿದೆ ಎಂದು ಕೇಳಿದರೆ ಹಿಂದಿನ ಜ್ಞಾಪಕದಿಂದ ಹೇಳಿ ಸಾಗಹಾಕುತ್ತಿದ್ದೆ. ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ.

ಅವತ್ತು ಊಟವಾದ ಮೇಲೆ ಓದುಮಣೆ ತೆರೆದೆ. ಮೊದಲ ಪುಸ್ತಕವೇ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದ ಆ ಮೇಷ್ಟರದು. ಇವರು ಹನ್ನೊಂದು ದಿನ ಇಟ್ಟುಕೊಂಡು ಬೋರ್ಡಿಗೆ ಬಿದ್ದ ಪುಸ್ತಕ. ಅಕ್ಷರ ದೊಡ್ಡದು ಮಾಡುವ ಗುಂಡಿಯನ್ನು ಒತ್ತಿದೆ, ಮತ್ತೆ ಒತ್ತಿದೆ. ಒಂದೊಂದು ಅಕ್ಷರವೂ ಎದ್ದು ನಿಂತಿತು, ಒತ್ತಕ್ಷರದ ಬಾಲದ ಸಮೇತ. ಮೂವತ್ತು ಪುಟ ಒಂದೇ ಉಸಿರಿಗೆ ಓದಿದೆ. ಅವರು ಪಕ್ಕದಲ್ಲಿ ಕೂತು ಏನೂ ಗೊತ್ತಿಲ್ಲದವರಂತೆ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು.

“ನಿಮಗೆ ಯಾವಾಗಿಂದ ಗೊತ್ತು?” ಎಂದೆ.

“ಏನು?”

“ನನ್ನ ಕಣ್ಣು.”

“ಹೋದ ವರ್ಷ ಮೆಂಬರ್‌ಶಿಪ್ ಫಾರಂನ ಉಲ್ಟಾ ಹಿಡ್ಕೊಂಡು ಒಬ್ರಿಗೆ ಬೈತಾ ಇದ್ದೆ ನೋಡು, ಅವತ್ತಿಂದ,” ಎಂದರು.

ಅಳು ಬಂತು. ಅತ್ತೆ. ಅದರಲ್ಲಿ ಮುಚ್ಚಿಡುವುದು ಏನಿದೆ. ಅತ್ತು ಮುಗಿಸಿ, ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು ಬಿಟ್ಟು ಒಂದು ವರ್ಷ ಆ್ಯಪ್ ಮಾಡುತ್ತಾ ಕೂತಿದ್ದೀರಲ್ಲ ಎಂದು ಬೈದೆ. ನನ್ನ ಕನ್ನಡಕದ ನೆವ ಹೇಳಿ ಮೂರು ಸಲ ಕರೆದೆ, ನೀನೇ ಬರಲಿಲ್ಲ ಎಂದರು. ಅದೂ ನಿಜ. ಜೂನಿನಲ್ಲಿ ಹೋಗೋಣ ಎಂದು ಒಪ್ಪಿಕೊಂಡೆ. ಅವತ್ತಿನಿಂದ ಓದುಮಣೆ ಅವರದಷ್ಟೇ ಆಗಿರಲಿಲ್ಲ, ನನ್ನದೂ ಆಯಿತು.

ಎರಡನೆಯ ವಾರದಲ್ಲಿ ಅವರು ಆ್ಯಪಿನಲ್ಲಿ ‘ವಾಪಸ್ ಕೊಡಿ’ ಎಂಬ ಗುಂಡಿ ಸೇರಿಸಿದರು. ಪುಸ್ತಕ ಮುಗಿದ ಮೇಲೆ ಅದನ್ನು ಒತ್ತಿದರೆ ನನ್ನ ಮೊಹರಿನ ‘ಟಪ್’ ಎಂಬ ಸದ್ದು ಬಂದು ಪುಸ್ತಕ ಕಪಾಟಿಗೆ ಹೋಗಿ ಕೂರುತ್ತದೆ. ಆ್ಯಪ್ ಇರುವಲ್ಲೇ ಇರುತ್ತದೆ. ಆ ಸದ್ದಿಗಾಗಿ ನಾನು ಮೇಜಿನ ಮೇಲೆ ಇಪ್ಪತ್ತು ಸಲ ಮೊಹರು ಒತ್ತಬೇಕಾಯಿತು. “ಇದು ನೀನು ಸಿಟ್ಟಲ್ಲಿ ಒತ್ತಿದ್ದು, ಬೇಡ. ಖುಷೀಲಿ ಒತ್ತು,” ಎನ್ನುವರು. ನನ್ನ ಕೈಗೆ ಆ ವ್ಯತ್ಯಾಸ ಗೊತ್ತಿಲ್ಲ ಎಂದೆ. ಕೊನೆಗೆ ಹದಿನೇಳನೆಯದನ್ನು ಆರಿಸಿಕೊಂಡರು. ಮೆಂಬರುಗಳಿಗೆ ಆ ಟಪ್ ಎಷ್ಟು ಹಿಡಿಸಿತೆಂದರೆ, ಪಾರವ್ವ ಒಂದೇ ಪುಸ್ತಕವನ್ನು ದಿನಕ್ಕೆ ನಾಲ್ಕು ಸಲ ತೆಗೆದು ವಾಪಸ್ ಕೊಡುತ್ತಿದ್ದರು.

ಹತ್ತೊಂಬತ್ತನೆಯ ತಾರೀಖು ಮತ್ತೆ ಏಳು ದಿನ ತುಂಬಿತು. ಅವತ್ತು ನಾನು ಬೆಳಿಗ್ಗೆಯೇ ಎಲ್ಲರಿಗೂ ಫೋನ್ ಮಾಡಿ, ಕಾರ್ಡಿನ ತಾರೀಖು ಓದಿ ಹೇಳಿ ಎಂದೆ. ಶಾಲೆಯ ಮಕ್ಕಳಂತೆ ಎಲ್ಲರೂ “ಮೇ ಇಪ್ಪತ್ತಾರು” ಎಂದು ಒಪ್ಪಿಸಿದರು. ಇಪ್ಪತ್ತಾರಕ್ಕೆ ಲ್ಯಾಪ್‌ಟಾಪಿನಲ್ಲಿ ಹನ್ನೆರಡೇ ಇತ್ತು. ಅರ್ಜಿ ಹೋಯಿತು. ಅದರಲ್ಲಿ ‘ಪರೀಕ್ಷೆ ಮಾಡಿದವರಿಂದ ಏನು ಕಲಿತಿರಿ’ ಎಂಬ ಪ್ರಶ್ನೆಯಿತ್ತು. ಸಿರಿ ಇಂಗ್ಲಿಷಿನಲ್ಲಿ ಬರೆಯಲು ಕೂತಳು. ನಮ್ಮವರು ಹೇಳಿದ್ದು ಒಂದೇ ಸಾಲು: “ಓದೋರು ಪ್ರಾಮಾಣಿಕರು, ಅವರಿಗೆ ವಾಪಸ್ ಕೊಡೋಕೆ ಜಾಗ ಇರಬೇಕು ಅಂತ ಬರಿ.”

ಇಪ್ಪತ್ತೇಳು, ಇಪ್ಪತ್ತೆಂಟು, ಇಪ್ಪತ್ತೊಂಬತ್ತು. ಏನೂ ಸುದ್ದಿಯಿಲ್ಲ. ಮೂವತ್ತಕ್ಕೆ ನಂದಕುಮಾರ್ ಫೋನ್ ಮಾಡಿ, “ಭಾನುವಾರ ಬಂದು ಒಂದ್ಸಲ ಜಾಗ ನೋಡ್ಕೊಂಡು ಹೋಗಿ ಸಾರ್,” ಎಂದರು. ನಮ್ಮವರು ಬರುತ್ತೇನೆಂದು ಹೇಳಿ, ಇಸ್ತ್ರಿಗೆ ಎರಡು ಅಂಗಿ ಕೊಟ್ಟು ಬಂದರು. ಒಂದು ಮಾತು ಗೊಣಗಲಿಲ್ಲ. ನಾನು ಅಷ್ಟು ಸುಮ್ಮನಿರುವವಳಲ್ಲ. ಆ ಆ್ಯಪ್ ಅಂಗಡಿಯವರ ವಿಳಾಸ ಕೊಡು, ನಾನೇ ಮಾತಾಡುತ್ತೇನೆ ಎಂದು ಸಿರಿಗೆ ಹೇಳಿದೆ. ಅವರಿಗೆ ವಿಳಾಸ ಇಲ್ಲಮ್ಮ ಎಂದಳು. ಅಂಗಡಿ ಇಟ್ಟವರಿಗೆ ಬಾಗಿಲೇ ಇಲ್ಲವೆಂದರೆ ಬೈಯುವುದು ಎಲ್ಲಿ ನಿಂತು?

ಮೂವತ್ತೊಂದು, ಶನಿವಾರ, ಮಧ್ಯಾಹ್ನ ಮೂರೂವರೆ. ನಾನು ಲೈಬ್ರರಿಯಲ್ಲಿದ್ದೆ. ಮೇಲಿನಿಂದ ಅವರು ಮೆಟ್ಟಿಲು ಇಳಿದು ಬಂದು ಬಾಗಿಲಲ್ಲಿ ನಿಂತರು. ಕೈಯಲ್ಲಿ ಫೋನಿತ್ತು. ನಾನೇ ಕಿತ್ತುಕೊಂಡು ನೋಡಿದೆ. ಆ್ಯಪ್ ಅಂಗಡಿಯ ಪುಟದಲ್ಲಿ ಓದುಮಣೆ ಇತ್ತು, ಕೆಳಗೆ ಅವರ ಹೆಸರು. ಈಗ ಯಾರ ಫೋನಿಗಾದರೂ ಸಿಗುತ್ತದೆ.

“ಬಂತು,” ಎಂದರು ಆಮೇಲೆ.

ನಂದಕುಮಾರ್‌ಗೆ ಅವರೇ ಫೋನ್ ಮಾಡಿ ಕ್ಷಮೆ ಕೇಳಿದರು. ಆ ಕಡೆಯಿಂದ ಅವರು, “ಬಿಡಿ ಸಾರ್, ಡಿಸೈನಿಗೆ ಯಾರಾದ್ರೂ ಸಿಗ್ತಾರೆ. ನಮ್ಮಮ್ಮಂಗೆ ಪೇಪರ್ ಅಕ್ಷರ ಕಾಣಲ್ಲ. ಅದೇನು ಹೆಸರು ಅಂದ್ರಿ, ಅವರ ಫೋನಿಗೂ ಹಾಕ್ತೀನಿ,” ಎಂದರಂತೆ.

ಮಾರನೆಯ ದಿನ ಬೆಳಿಗ್ಗೆ ನಾನು ಲೈಬ್ರರಿ ತೆರೆದು ಕಪ್ಪು ಬೋರ್ಡನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ವಾಪಸ್ ಕೊಡುವ ತಾರೀಖು ಕಳೆದು ಆರು ದಿನವಾಗಿತ್ತು. ಹನ್ನೆರಡು ಜನರಲ್ಲಿ ಒಬ್ಬರೂ ಕೊಟ್ಟಿರಲಿಲ್ಲ. ನಿಯಮ ಅಂದರೆ ನಿಯಮ. ‘ಹಿಂದಿರುಗಿಸದವರು’ ಎಂಬ ತಲೆಬರಹದ ಕೆಳಗೆ ಹೆಸರು ಬರೆಯತೊಡಗಿದೆ. ಶಶಿಧರ್. ಪಾರವ್ವ. ಹೊಳೆಪ್ಪ. ಹನ್ನೊಂದು ಹೆಸರಾದವು. ರಸ್ತೆಯಲ್ಲಿ ಹೋಗುವವರು ನಿಂತು, ಇದೇನು ಇಷ್ಟೊಂದು ಜನ ಎಂದು ನೋಡುತ್ತಿದ್ದರು. ಹಾಲು ತರಲು ಬಂದ ಶಶಿಧರ್ ತಮ್ಮ ಹೆಸರು ಕಂಡು ಮೊದಲು ಗಾಬರಿಯಾದರು, ಆಮೇಲೆ ಪೂರ್ತಿ ಓದಿ, ಎದೆಯುಬ್ಬಿಸಿಕೊಂಡು ಅಲ್ಲೇ ನಿಂತುಬಿಟ್ಟರು.

ಹನ್ನೆರಡನೆಯ ಹೆಸರನ್ನು ಎಲ್ಲಕ್ಕಿಂತ ಮೇಲೆ ಬರೆದೆ. ಗಿರಿಜಾದೇವಿ. ಮೂವತ್ತು ವರ್ಷದಲ್ಲಿ ಆ ಬೋರ್ಡಿಗೆ ನನ್ನ ಹೆಸರು ಬಿದ್ದಿರಲಿಲ್ಲ. ‘ದೇ’ಯ ದೀರ್ಘ ಹೋಗಿ ‘ವಿ’ಗೆ ತಾಗಿತು.

ಹಿಂದೆ ಹೆಜ್ಜೆ ಸದ್ದು. ನಮ್ಮವರು ಬಂದು ಬೋರ್ಡಿನ ಮುಂದೆ ನಿಂತು ಮೇಲಿನಿಂದ ಕೆಳಗೆ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡರು. ಈಗ ಒರೆಸಿ ಬರೆಯಲಾ ಎನ್ನುತ್ತಾರೆ ಎಂದು ನಾನು ಕಾಯುತ್ತಾ ನಿಂತೆ, ಉತ್ತರವೂ ತಯಾರಿತ್ತು.

ಅವರು ಸೀಮೆಸುಣ್ಣವನ್ನು ಡಬ್ಬಿಯಲ್ಲಿಟ್ಟರು.

“ಸರಿಯಾಗಿದೆ,” ಎಂದರು. “ಹಂಗೇ ಇರಲಿ.”